ಹುಣಿಸೆಬೀಜದ ಪಾಠ

ಶಿಶುಶಿಕ್ಷಣಕ್ಕೆ ಬೆಲೆಬಾಳುವ ಉಪಕರಣಗಳೇ ಬೇಕೆಂದು ಹಲವರು ಭಾವಿಸುವುದುಂಟು. ಮಾಂಟೆಸೊರಿ ಪದ್ಧತಿಯನ್ನು ಬಲ್ಲ ತಾರಾಬಾಯಿ ಮೋಡಕರು 1945ರಲ್ಲಿ ಮುಂಬಯಿಗೆ ಉತ್ತರದ ಬೋರ್ಡಿಯಲ್ಲಿ ಅನುತಾಯಿ ವಾಘರೊಡನೆ ಹಳ್ಳಿಮಕ್ಕಳಿಗಾಗಿ ಶಿಶುಶಾಲೆಯನ್ನು ತೊಡಗಿದರು. ಬಡವರ ಮಕ್ಕಳು ಬಾರದಿರಲು ಶಾಲೆಯೇ ಅವರ ಅಂಗಳಕ್ಕೆ ಹೋಯಿತು. ಬೀಜ, ಕಲ್ಲು, ಎಲೆ, ಚಿಪ್ಪುಗಳೇ ಉಪಕರಣಗಳಾದುವು.

ಇವುಗಳಿಂದ ಕಲಿಕೆ ಹೇಗೆ? ಐದು ಹುಣಿಸೆಬೀಜಗಳನ್ನು ಒತ್ತಾಗಿಟ್ಟು, ಬಳಿಕ ಮಗುವಿನೆದುರಿಗೇ ದೂರದೂರ ಹರಡಿ ಕೇಳಿನೋಡಿರಿ. ನಾಲ್ಕು ವರ್ಷದ ಮಗು ಬೀಜಗಳು ಹೆಚ್ಚಾದುವೆಂದೇ ಅನೇಕವೇಳೆ ಹೇಳುವುದು. ತಾನೇ ಕೂಡಿಸಿ, ಹರಡಿ, ಎಣಿಸುತ್ತ ಆಡಿದರೆ, ಹರಹು ಬೇರೆ, ಸಂಖ್ಯೆ ಬೇರೆಯೆಂಬುದು ಕ್ರಮೇಣ ಅದಕ್ಕೆ ಹೊಳೆಯುವುದು. ಹಲಗೆಯ ಮೇಲೆ ಅಂಕಿ ತಿದ್ದಿಸಿದ ಮಾತ್ರಕ್ಕೆ ಈ ತಿಳಿವು ಬಾರದು. ಅಳಗುಳಿಮಣೆಯಾಡಿದ ನಮ್ಮ ಅಜ್ಜಿಯರು ಇದನ್ನು ಬಲ್ಲರು. ಮೂರು ವರ್ಷ ತುಂಬದ ಕೂಸಿಗೆ ಮಾತ್ರ ಬೀಜ ಕೊಡಲಾಗದು, ಬಾಯಿಗೋ ಮೂಗಿಗೋ ಹಾಕಿಕೊಂಡೀತು; ಅದಕ್ಕೆ ತೆಂಗಿನ ಕರಟಗಳು ಸಾಕು.