ವಾಗ್ಗೇಯಕಾರನಾದ ಇತಿಹಾಸಕಾರ: ಸ್ವೀಡನ್ನಿನ ಎರಿಕ್ ಗುಸ್ಟಾಫ್ ಯೇಯರ್

ಪದ್ಯದ ಮಾತನ್ನೂ ಅದರ ಧಾತುವನ್ನೂ ತಾನೇ ಕಟ್ಟಬಲ್ಲವನನ್ನು ನಮ್ಮ ಸಂಗೀತಶಾಸ್ತ್ರಕಾರರು ವಾಗ್ಗೇಯಕಾರನೆಂದು ಕರೆದು ಗೌರವಿಸಿದ್ದಾರೆ. ಕವಿತ್ವವುಳ್ಳವನಲ್ಲಿ ಗೇಯಜ್ಞಾನವಿರುವುದು ವಿರಳ; ಎರಡೂ ಉಳ್ಳವನಲ್ಲಿ ಶಾಸ್ತ್ರಪಾಂಡಿತ್ಯವೂ ಕೂಡಿಬರುವುದು ಮತ್ತೂ ವಿರಳ. ಯೂರೋಪಿನ ಉತ್ತರ ಭಾಗದಲ್ಲಿರುವ ಸ್ವೀಡನ್ ದೇಶದಲ್ಲಿ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಂತಹ ಒಬ್ಬ ಪುರುಷನಿದ್ದನು. ಅವನೇ ಎರಿಕ್ ಗುಸ್ಟಾಫ್ ಯೇಯರ್. ಅವನ ಮನೆತನದ ಹೆಸರು ಬರೆಹದಲ್ಲಿ ಗಕಾರದಿಂದ ಮೊದಲಾಗುವುದಾದರೂ ಸ್ವೀಡಿಷ್ ನುಡಿಯ ಉಚ್ಚಾರಣೆಯಲ್ಲಿ ಆ ಗಕಾರವು ಯಕಾರವಾಗುತ್ತದೆ. ಇತಿಹಾಸಕಾರ, ಕವಿ, ಸಂಗೀತರಚನಕಾರ ಎಂಬ ಮೂರು ಹೆಸರುಗಳಿಂದಲೂ ಅವನ ನಾಡು ಅವನನ್ನು ನೆನೆಯುತ್ತದೆ. ಆದರೆ ಈ ಮೂರಕ್ಕಿಂತಲೂ ಹೆಚ್ಚಾಗಿ ವಿದ್ಯಾವಂತರು ಅವನಿಂದ ತಿಳಿಯಬೇಕಾದ ಸಂಗತಿಯೊಂದುಂಟು. ಕೀರ್ತಿಯ ಶಿಖರದಲ್ಲಿದ್ದಾಗ, ಐವತ್ತೈದನೆಯ ವಯಸ್ಸಿನಲ್ಲಿ, ತಾನು ಅದುವರೆಗೆ ಸಮರ್ಥಿಸಿಕೊಂಡು ಬಂದ ಮತವು ಇನ್ನು ತನಗೆ ಸತ್ಯವಾಗಿ ತೋರದೆಂದು ಅವನು ಬಹಿರಂಗವಾಗಿ ಸಾರಿದನು. ಅವನ ಜೀವಿತದ ಅರ್ಥವೆಲ್ಲ ಆ ಒಂದು ನಿರ್ಣಯದಲ್ಲಿ ಸಂಗ್ರಹವಾಗಿದೆ.

ಬಾಲ್ಯವೂ ಮೊದಲ ಪುರಸ್ಕಾರವೂ

ಯೇಯರ್ 1783ನೆಯ ಇಸವಿ ಜನವರಿ 12ರಂದು ವೆರ್ಮ್‌ಲಾಂಡ್ ಪ್ರಾಂತದ ರಾನ್‌ಸೇಟರ್ ಎಂಬಲ್ಲಿ ಜನಿಸಿದನು. ಆ ಪ್ರಾಂತವು ದಟ್ಟವಾದ ಕಾಡುಗಳಿಗೂ ಸರೋವರಗಳಿಗೂ ಕಬ್ಬಿಣದ ಕುಲುಮೆಗಳಿಗೂ ಹೆಸರಾದುದು. ಅವನ ತಂದೆ ಅಂತಹ ಒಂದು ಕಬ್ಬಿಣದ ಕಾರ್ಖಾನೆಯ ಒಡೆಯ. ಅದಿರನ್ನು ಕರಗಿಸಲು ಇದ್ದಿಲು ಬೇಕು. ಇದ್ದಿಲಿಗಾಗಿ ಕಾಡಿನ ನಡುವೆ ಮರದ ರಾಶಿಯನ್ನು ಮಣ್ಣಿನಿಂದ ಮುಚ್ಚಿ, ಹಗಲಿರುಳು ಕಾದು ಸುಡಬೇಕು. ಆ ಶ್ರಮಜೀವಿಗಳ ಬದುಕನ್ನು ಬಾಲಕನು ಕಣ್ಣಾರೆ ಕಂಡು ಬೆಳೆದನು. ಮನೆಯೊಳಗಾದರೋ ಪುಸ್ತಕಗಳೂ ಹಾಡು ಕುಣಿತಗಳೂ ನಿತ್ಯದ ಮಾತಾಗಿದ್ದುವು. ಹೊರಗೆ ಕುಲುಮೆಯ ದುಡಿಮೆ, ಒಳಗೆ ಪಿಯಾನೊ ವಾದ್ಯದ ನಾದ; ಇವೆರಡೂ ಅವನ ಮನಸ್ಸಿನಲ್ಲಿ ಕೊನೆಯವರೆಗೂ ಉಳಿದುವು.

ಕಾರ್ಲ್‌ಸ್ಟಾಡ್ ನಗರದ ಶಾಲೆಯಲ್ಲಿ ವ್ಯಾಸಂಗ ಮುಗಿಸಿ, 1799ರಲ್ಲಿ ಅವನು ಉಪ್ಸಾಲ ವಿಶ್ವವಿದ್ಯಾನಿಲಯವನ್ನು ಸೇರಿದನು. 1477ರಲ್ಲಿ ಸ್ಥಾಪಿತವಾದ ಆ ವಿದ್ಯಾಪೀಠವು ಸ್ಕ್ಯಾಂಡಿನೇವಿಯದಲ್ಲಿಯೇ ಅತ್ಯಂತ ಪ್ರಾಚೀನವಾದುದು. ವಿದ್ಯಾರ್ಥಿದೆಸೆಯಲ್ಲಿ ಒಂದು ಶ್ರೀಮಂತ ಕುಟುಂಬದ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಅವನ ಹೆಸರು ಸೂಚಿತವಾದಾಗ, ಈ ತರುಣನಲ್ಲಿ ಸ್ಥಿರಬುದ್ಧಿಯಿಲ್ಲವೆಂಬ ಅಭಿಪ್ರಾಯವು ಬಂದು ಆ ಕೆಲಸ ತಪ್ಪಿಹೋಯಿತು. ಅಪಮಾನವು ಅವನನ್ನು ಕುಗ್ಗಿಸಲಿಲ್ಲ; ಎಚ್ಚರಿಸಿತು. ಸ್ವೀಡಿಷ್ ಅಕಾಡೆಮಿಯು ಆ ವರ್ಷ ಪ್ರಬಂಧಸ್ಪರ್ಧೆಗೆ ಇಟ್ಟಿದ್ದ ವಿಷಯ, ಹದಿನೈದನೆಯ ಶತಮಾನದ ರಾಜಪ್ರತಿನಿಧಿ ಹಿರಿಯ ಸ್ಟೇನ್ ಸ್ಟೂರೆಯ ಪ್ರಶಸ್ತಿ. ಯೇಯರ್ ಮನೆಯವರಿಗೂ ತಿಳಿಯದಂತೆ ಗುಟ್ಟಾಗಿ ಪ್ರಬಂಧವನ್ನು ಬರೆದು ಕಳುಹಿಸಿದನು. 1803ರಲ್ಲಿ ಅಕಾಡೆಮಿಯ ಮಹಾಪುರಸ್ಕಾರವು ಅವನಿಗೆ ಲಭಿಸಿತು. ಆಗ ಅವನಿಗೆ ಇಪ್ಪತ್ತು ವರ್ಷ. ಸ್ಥಿರಬುದ್ಧಿಯಿಲ್ಲವೆಂದು ತೂಗಿ ನೋಡಿದವರ ತಕ್ಕಡಿಯೇ ಸರಿಯಿರಲಿಲ್ಲವೆಂದು ಲೋಕಕ್ಕೆ ತಿಳಿಯಿತು.

ನಾಡಿನ ಸಂಕಟ, ಕವಿಯ ಉದಯ

1809ನೆಯ ಇಸವಿ ಸ್ವೀಡನ್ನಿಗೆ ದುರ್ವರ್ಷ. ರಷ್ಯದೊಡನೆ ನಡೆದ ಯುದ್ಧದಲ್ಲಿ ಸೋತು, ಶತಮಾನಗಳಿಂದ ತನ್ನ ಅಂಗವಾಗಿದ್ದ ಫಿನ್ಲೆಂಡನ್ನು ಅದು ಬಿಟ್ಟುಕೊಡಬೇಕಾಯಿತು. ದೊರೆ ನಾಲ್ಕನೆಯ ಗುಸ್ಟಾಫ್ ಆಡೋಲ್ಫನು ಸಿಂಹಾಸನದಿಂದ ಚ್ಯುತನಾದನು. ಅದೇ ವರ್ಷ ಯೇಯರ್ ಒಬ್ಬ ತರುಣನ ಉಪಾಧ್ಯಾಯನಾಗಿ ಇಂಗ್ಲೆಂಡಿಗೆ ಹೋಗಿ, 1810ರವರೆಗೆ ಅಲ್ಲಿದ್ದು, ಆ ದೇಶದ ಜನಜೀವನವನ್ನು ಹತ್ತಿರದಿಂದ ಕಂಡನು.

ಹಿಂದಿರುಗಿದ ಮೇಲೆ, 1811ರಲ್ಲಿ, ಅವನೂ ಅವನ ಮಿತ್ರರೂ ಕೂಡಿ ಸ್ಟಾಕ್‌ಹೋಮಿನಲ್ಲಿ ‘ಗೋಥಿಕ್ ಸಂಘ’ವನ್ನು ಕಟ್ಟಿದರು. ಗೋಥರೆಂದರೆ ಆ ಜನ ತಮ್ಮ ಪೂರ್ವಿಕರೆಂದು ಭಾವಿಸಿದ ಪ್ರಾಚೀನ ವೀರಕುಲದವರು. ನೆಲವನ್ನು ಕಳೆದುಕೊಂಡ ನಾಡು ತನ್ನ ನೆನಪನ್ನೂ ಕಳೆದುಕೊಳ್ಳಬಾರದು ಎಂಬುದು ಸಂಘದ ಆಶಯ. ಅದರ ಪತ್ರಿಕೆಯಾದ ‘ಇದುನ’ದ ಮೊದಲ ಸಂಚಿಕೆಯಲ್ಲಿಯೇ ಯೇಯರನ ‘ವೈಕಿಂಗ್’, ‘ಒಡೆತನದ ಒಕ್ಕಲಿಗ’ ಎಂಬರ್ಥದ ಹೆಸರುಳ್ಳ ಕವನ ಮೊದಲಾದುವು ಬೆಳಕು ಕಂಡುವು. ಮೊದಲನೆಯದು ಹದಿನೈದನೆಯ ವಯಸ್ಸಿಗೆ ಮನೆ ತೊರೆದು ಕಡಲಿಗಿಳಿದು, ಇಪ್ಪತ್ತರಲ್ಲಿಯೇ ಕಡಲಿನ ಪಾಲಾಗುವ ವೀರನ ಕಥೆ. ಎರಡನೆಯದು ಕೀರ್ತಿಯನ್ನು ಬಯಸದೆ, ಯಾರಿಗೂ ತಲೆಬಾಗದೆ, ತನ್ನ ಹೊಲವನ್ನು ತಾನುಳುವ ರೈತನ ಚಿತ್ರ. ಒಬ್ಬನು ಅಲೆಯುವವನು, ಮತ್ತೊಬ್ಬನು ನಿಲ್ಲುವವನು. ಇಬ್ಬರನ್ನೂ ಒಂದೇ ಸಂಚಿಕೆಯಲ್ಲಿ ಸಮಾನಗೌರವದಿಂದ ನಿಲ್ಲಿಸಿದುದು ಗಮನಾರ್ಹ.

ಕವಿಯು ಅಷ್ಟಕ್ಕೇ ತೃಪ್ತನಾಗಲಿಲ್ಲ. ಆರ್ವಿಡ್ ಆಗಸ್ಟ್ ಅಫ್ಸೇಲಿಯಸ್ ಎಂಬ ಪಾದ್ರಿಯೊಡನೆ ಸೇರಿ, ಜನರ ಬಾಯಲ್ಲಿ ಉಳಿದು ಬಂದಿದ್ದ ಹಳೆಯ ಹಾಡುಗಳನ್ನು ಸಂಗ್ರಹಿಸಿ, 1814ರಿಂದ ಮೊದಲ್ಗೊಂಡು ಮೂರು ಸಂಪುಟಗಳಲ್ಲಿ ಪ್ರಕಟಿಸಿದನು. ಪದಗಳೊಡನೆ ಅವುಗಳ ಮಟ್ಟುಗಳನ್ನೂ ಅಚ್ಚಿಗೆ ತಂದುದು ಈ ಸಂಗ್ರಹದ ಹೆಚ್ಚಳ. ಜನಪದರ ಹಾಡಿನಿಂದ ಮಟ್ಟನ್ನು ಕಳಚಿದರೆ ಉಳಿಯುವುದು ಅರ್ಧ ಹಾಡೆಂಬುದನ್ನು ವಾಗ್ಗೇಯಕಾರನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಾತು ಮತ್ತು ಧಾತು

ಯೇಯರನ ಸಂಗೀತವನ್ನು ಪಂಡಿತನ ಬಿಡುವಿನ ವಿನೋದವೆಂದು ಎಣಿಸುವುದು ತಪ್ಪು. ಪಿಯಾನೊ, ಪಿಟೀಲು ಮೊದಲಾದ ವಾದ್ಯಗಳಿಗಾಗಿ ಅವನು ಸೊನಾಟಗಳನ್ನೂ ನಾಲ್ಕು ವಾದ್ಯಗಳ ಮೇಳಕ್ಕಾಗಿ ಕೃತಿಗಳನ್ನೂ ರಚಿಸಿದ್ದಾನೆ. ಆದರೂ ಅವನ ಪ್ರತಿಭೆ ಸಹಜವಾಗಿ ಹರಿದುದು ಪಿಯಾನೊದೊಡನೆ ಹಾಡುವ ಚಿಕ್ಕ ಗೀತಗಳಲ್ಲಿ. ಅವುಗಳಲ್ಲಿ ಬಹುಪಾಲಿನ ಮಾತೂ ಅವನದೇ, ಧಾತುವೂ ಅವನದೇ.

‘ಇದ್ದಿಲು ಸುಡುವವನ ಪುಟ್ಟ ಮಗ’ ಎಂಬರ್ಥದ ಶೀರ್ಷಿಕೆಯ ಗೀತವು ಇವುಗಳಲ್ಲಿ ಪ್ರಸಿದ್ಧವಾದುದು. ಕಾಡಿನಲ್ಲಿ ಇದ್ದಿಲ ಗೂಡನ್ನು ಕಾಯುತ್ತಿರುವ ತಂದೆಯ ಬಳಿಗೆ ಒಬ್ಬ ಹುಡುಗನು ಸಂಜೆಗತ್ತಲಲ್ಲಿ ಒಬ್ಬನೇ ನಡೆದುಹೋಗುತ್ತಾನೆ. ಮರಗಳ ನಡುವಿನ ಕತ್ತಲೆಯಲ್ಲಿ ಅವನಿಗೆ ಭೂತಪಿಶಾಚಗಳು ಕಾಣುತ್ತವೆ. ಇಷ್ಟೇ ವಸ್ತು. ರಾನ್‌ಸೇಟರಿನ ಕುಲುಮೆಯ ಒಡೆಯನ ಮಗನು ಇಲ್ಲಿ ಒಡೆಯನ ಕಣ್ಣಿನಿಂದ ನೋಡದೆ, ದುಡಿಯುವವನ ಮಗನ ಅಂಜಿದ ಎದೆಯೊಳಗೆ ನಿಂತು ನೋಡಿದ್ದಾನೆ. ಮುಂದೆ ಅವನ ವಿಚಾರದಲ್ಲಿ ನಡೆದ ಪರಿವರ್ತನೆಗೆ ಬೀಜವು ಈ ಹಾಡಿನಲ್ಲಿಯೇ ಇದ್ದಿತೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಉಪ್ಸಾಲದಲ್ಲಿ ಮಲ್ಲ ಸಿಲ್ಫ್‌ವೆರ್‌ಸ್ಟೋಲ್ಪೆ ಎಂಬ ವಿದುಷಿಯ ಮನೆ ಕವಿಗಳೂ ಗಾಯಕರೂ ವಿದ್ವಾಂಸರೂ ಸೇರುವ ಗೋಷ್ಠೀಮಂದಿರವಾಗಿತ್ತು. ಯೇಯರನೂ ಅವನ ಆಪ್ತಮಿತ್ರನೂ ಗೀತರಚನಕಾರನೂ ಆದ ಆಡೋಲ್ಫ್ ಫ್ರೆಡ್ರಿಕ್ ಲಿಂಡ್‌ಬ್ಲಾಡನೂ ಆ ಗೋಷ್ಠಿಯ ಭೂಷಣರಾಗಿದ್ದರು.

ಇತಿಹಾಸದ ಪೀಠ

1817ರಲ್ಲಿ ಯೇಯರ್ ಉಪ್ಸಾಲದ ಇತಿಹಾಸ ಪ್ರಾಧ್ಯಾಪಕನಾದನು. 1846ರವರೆಗೆ ಆ ಪೀಠವನ್ನು ಅಲಂಕರಿಸಿದನು. ಅವನ ಉಪನ್ಯಾಸಗಳನ್ನು ಕೇಳಲು ವಿದ್ಯಾರ್ಥಿಗಳಷ್ಟೇ ಅಲ್ಲದೆ ಊರಿನವರೂ ನೆರೆಯುತ್ತಿದ್ದರು. ಚಿಂತನೆಯ ಸ್ವಾತಂತ್ರ್ಯಕ್ಕೆ ತೆರಬೇಕಾದ ಬೆಲೆಯ ಮೊದಲ ಅನುಭವವೂ ಅವನಿಗೆ ಬೇಗನೆ ಆಯಿತು. ತೂರಿಲ್ಡ್ ಎಂಬ ತತ್ತ್ವಜ್ಞನನ್ನು ಕುರಿತು 1820ರಲ್ಲಿ ಅವನು ಬರೆದ ಗ್ರಂಥದಲ್ಲಿ ಧರ್ಮವಿರೋಧವಿದೆಯೆಂದು ಮೊಕದ್ದಮೆ ಹೂಡಲಾಯಿತು. 1821ರಲ್ಲಿ ಪಂಚರು ಅವನನ್ನು ನಿರ್ದೋಷಿಯೆಂದು ಬಿಟ್ಟರು. 1824ರಲ್ಲಿ, ಒಮ್ಮೆ ಪುರಸ್ಕಾರವನ್ನಿತ್ತ ಸ್ವೀಡಿಷ್ ಅಕಾಡೆಮಿಯೇ ಅವನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು.

1825ರಲ್ಲಿ ಸ್ವೀಡನ್ನಿನ ಪುರಾತನ ಕಾಲವನ್ನು ವಿಮರ್ಶಿಸುವ ಗ್ರಂಥವೂ 1832ರಿಂದ 1836ರವರೆಗೆ ‘ಸ್ವೀಡಿಷ್ ಜನತೆಯ ಇತಿಹಾಸ’ವೆಂಬ ಮೂರು ಸಂಪುಟಗಳೂ ಹೊರಬಂದುವು. 1654ರಲ್ಲಿ ರಾಣಿ ಕ್ರಿಸ್ಟೀನ ಸಿಂಹಾಸನವನ್ನು ತ್ಯಜಿಸಿದಲ್ಲಿಗೆ ಇದು ನಿಲ್ಲುತ್ತದೆ. ದಂತಕಥೆಯನ್ನೂ ದಾಖಲೆಯನ್ನೂ ಬೇರ್ಪಡಿಸಿ, ಮೂಲಪತ್ರಗಳನ್ನು ಪರಿಶೀಲಿಸಿ ಬರೆಯುವ ಕ್ರಮವನ್ನು ಅವನು ಇದರಲ್ಲಿ ದೃಢಪಡಿಸಿದನು. ಹೆಸರಿನಲ್ಲಿ ಜನತೆ ಇದ್ದರೂ, ಸ್ವೀಡನ್ನಿನ ಇತಿಹಾಸವೆಂದರೆ ಅದರ ಅರಸರ ಇತಿಹಾಸವೇ ಎಂಬ ನಿಲವು ಅವನದಾಗಿತ್ತು. ನಾಡನ್ನು ಒಂದುಗೂಡಿಸಿದವರು ಅರಸರು. ಹಳೆಯ ಸಂಸ್ಥೆಗಳನ್ನು ಕಿತ್ತೊಗೆಯುವ ಕ್ರಾಂತಿ ಬೇರಿಲ್ಲದ ಮರವೆಂಬುದು ಆಗಿನ ಅವನ ಸಿದ್ಧಾಂತ. ಸಂಪ್ರದಾಯಪಕ್ಷಕ್ಕೆ ಅವನು ಆಧಾರಸ್ತಂಭವಾಗಿದ್ದನು.

1838ರ ನಿರ್ಣಯ

1838ರ ಜನವರಿಯಲ್ಲಿ ಯೇಯರ್ ‘ಸಾಹಿತ್ಯಪತ್ರಿಕೆ’ ಎಂಬರ್ಥದ ಹೆಸರಿನ ಮಾಸಪತ್ರಿಕೆಯನ್ನು ಆರಂಭಿಸಿ, ತಾನು ಹಳೆಯ ಪಕ್ಷವನ್ನು ಬಿಟ್ಟು ಉದಾರವಾದದ ಕಡೆಗೆ ಬಂದಿರುವುದನ್ನು ತಿಳಿಸಿದನು. ಸ್ವೀಡನ್ನಿನ ಚರಿತ್ರಕಾರರು ಇದನ್ನು ‘ಪಕ್ಷಭ್ರಂಶ’ವೆಂಬ ಅರ್ಥದ ಮಾತಿನಿಂದಲೇ ಕರೆಯುತ್ತಾರೆ. ಆ ಹೊಸ ವರ್ಷದ ದಿನಕ್ಕೆಂದು ಅವನು ಬರೆದ ಪುಟ್ಟ ಕವನದಲ್ಲಿ ದುರ್ಬಲವಾದ ದೋಣಿಯಲ್ಲಿ ಅಪಾರವಾದ ಕಡಲಿಗೆ ಒಬ್ಬನೇ ಹೊರಟ ನಾವಿಕನು ಬರುತ್ತಾನೆ. ಆ ನಾವಿಕನು ಯಾರೆಂದು ವಿವರಿಸಬೇಕಾಗಿಲ್ಲ.

ಇದು ಚಪಲಚಿತ್ತದ ಫಲವೆ? ಅಲ್ಲ. ಮನುಷ್ಯನ ವ್ಯಕ್ತಿತ್ವವು ಏಕಾಂತದಲ್ಲಿ ಬೆಳೆಯುವುದಲ್ಲ, ಎದುರಿಗೆ ಮತ್ತೊಬ್ಬನ ವ್ಯಕ್ತಿತ್ವವಿದ್ದರೆ ಮಾತ್ರ ಅರಳುವುದು. ‘ನೀನು’ ಇಲ್ಲದೆ ‘ನಾನು’ ಇಲ್ಲ ಎಂಬುದು ಅವನ ದರ್ಶನದ ತಿರುಳು. ಈ ತತ್ತ್ವವನ್ನು ಒಪ್ಪಿದವನು ಕುಲೀನನಲ್ಲಿ ಮಾತ್ರ ವ್ಯಕ್ತಿತ್ವವನ್ನು ಕಂಡು, ಕೂಲಿಕಾರನಲ್ಲಿ ಕಾಣದಿರುವುದು ಹೇಗೆ? ಸ್ವೀಡನ್ನಿನ ಸಂಸತ್ತು ಆಗ ಕುಲೀನರು, ಪಾದ್ರಿಗಳು, ಪುರಜನರು, ರೈತರು ಎಂದು ನಾಲ್ಕು ವರ್ಗಗಳಾಗಿ ಒಡೆದಿತ್ತು. ಈ ಯಾವುದಕ್ಕೂ ಸೇರದವರಿಗೆ ದನಿಯೇ ಇರಲಿಲ್ಲ. ಕಸುಬುಗಳು ವೃತ್ತಿಸಂಘಗಳ ಕಟ್ಟಳೆಯಲ್ಲಿ ಸಿಕ್ಕಿದ್ದುವು. ಹೊಸ ಮಧ್ಯಮವರ್ಗವೊಂದು ಕಣ್ಣೆದುರಿಗೆ ಬೆಳೆಯುತ್ತಿತ್ತು. ಗತಕಾಲದ ಬದಲಾವಣೆಗಳನ್ನು ಓದುವುದರಲ್ಲಿ ನಿಷ್ಣಾತನಾದವನು ತನ್ನ ಕಾಲದ ಬದಲಾವಣೆಯನ್ನು ಓದಲಾರೆನೆಂದು ಕಣ್ಣು ಮುಚ್ಚುವುದು ಅವನಿಗೆ ಸಾಧ್ಯವಾಗಲಿಲ್ಲ. 1839ರಲ್ಲಿ ಬಡವರ ಪೋಷಣೆಯ ಪ್ರಶ್ನೆಯನ್ನು ಕುರಿತು ಬರೆದು, ದುಡಿಮೆಯ ಸ್ವಾತಂತ್ರ್ಯವನ್ನು ಸಮರ್ಥಿಸಿದನು. 1840-41ರ ಸಂಸತ್ತಿನಲ್ಲಿ ವಿಶ್ವವಿದ್ಯಾನಿಲಯದ ಪ್ರತಿನಿಧಿಯಾಗಿ ಪ್ರಾತಿನಿಧ್ಯದ ಸುಧಾರಣೆಯ ಪರವಾಗಿ ನಿಂತನು.

ಇದಕ್ಕೆ ತೆತ್ತ ಬೆಲೆ ಅಲ್ಪವಲ್ಲ. ಆಟರ್‌ಬೂಮನಂತಹ ಹಳೆಯ ಕವಿಮಿತ್ರನಿಗೂ ಇದು ಆಘಾತವಾಯಿತು. ದಿನವೂ ಕಾಣುವ ಚಿಕ್ಕ ಊರಿನಲ್ಲಿ ಸ್ನೇಹಗಳು ತಣ್ಣಗಾಗುವುದು ರಾಜಧಾನಿಯ ಪತ್ರಿಕೆಗಳ ನಿಂದೆಗಿಂತ ಹೆಚ್ಚು ನೋಯಿಸುವಂಥದು. ಯೇಯರ್ ಅದನ್ನು ಸಹಿಸಿದನು. ಹಳೆಯ ಮಿತ್ರರ ಮನಸ್ಸನ್ನು ಒಲಿಸಿಕೊಳ್ಳಲೆಂದು ತನ್ನ ಮಾತನ್ನು ಹಿಂದೆಗೆಯಲಿಲ್ಲ.

ಕೊನೆಯ ವರ್ಷಗಳು

ದೊರೆ ಮೂರನೆಯ ಗುಸ್ಟಾಫನು ತನ್ನ ಕಾಗದಪತ್ರಗಳನ್ನು ಪೆಟ್ಟಿಗೆಗಳಲ್ಲಿರಿಸಿ ಉಪ್ಸಾಲದ ಗ್ರಂಥಭಂಡಾರಕ್ಕೆ ಒಪ್ಪಿಸಿ, ತನ್ನ ಮರಣದಿಂದ ಐವತ್ತು ವರ್ಷ ಕಳೆಯುವವರೆಗೆ ತೆರೆಯಬಾರದೆಂದು ವಿಧಿಸಿದ್ದನು. ಅವನು 1792ರಲ್ಲಿ ಹತನಾದನು. 1842ರಲ್ಲಿ ಪೆಟ್ಟಿಗೆಗಳು ತೆರೆದುವು. ಅವುಗಳನ್ನು ಶೋಧಿಸಿ ಪ್ರಕಟಿಸುವ ಭಾರವು ಯೇಯರನ ಮೇಲೆ ಬಿದ್ದಿತು. ಮಹಾರಹಸ್ಯಗಳಿಗಾಗಿ ಕಾದಿದ್ದ ಜನರಿಗೆ ನಿರಾಶೆಯಾದರೂ, ಅವನು ಇದ್ದುದನ್ನು ಇದ್ದಂತೆಯೇ 1843ರಿಂದ ಸಂಪುಟಗಳಾಗಿ ಲೋಕದ ಮುಂದಿಟ್ಟನು. ಇಲ್ಲದ ರಹಸ್ಯವನ್ನು ಹುಟ್ಟಿಸಿ ಹೇಳುವುದು ಇತಿಹಾಸಕಾರನ ಧರ್ಮವಲ್ಲ.

1846ರಲ್ಲಿ ಪೀಠದಿಂದ ನಿವೃತ್ತನಾದ ಯೇಯರ್, 1847ರ ಏಪ್ರಿಲ್ 23ರಂದು ಸ್ಟಾಕ್‌ಹೋಮಿನಲ್ಲಿ ತೀರಿಕೊಂಡನು. ವೃತ್ತಿಸಂಘಗಳ ಬಿಗಿ ಸಡಿಲಿದುದು 1846ರಲ್ಲಿ, ಅವನ ಕಣ್ಣೆದುರಿಗೇ. ನಾಲ್ಕು ವರ್ಗಗಳ ಸಂಸತ್ತು ಕೊನೆಗೊಂಡುದು 1866ರಲ್ಲಿ, ಅವನ ನಂತರ. 1888ರಲ್ಲಿ ಉಪ್ಸಾಲ ವಿಶ್ವವಿದ್ಯಾನಿಲಯದ ಉದ್ಯಾನದಲ್ಲಿ ಅವನ ಪ್ರತಿಮೆ ಸ್ಥಾಪಿತವಾಯಿತು.

ವಿದ್ವತ್ತು ಬೆಳೆದಂತೆಲ್ಲ ಅಭಿಪ್ರಾಯಗಳು ಗಟ್ಟಿಯಾಗುವುದು ಲೋಕದ ವಾಡಿಕೆ. ಅಭಿಪ್ರಾಯಕ್ಕೆ ಗೌರವ ಅಂಟಿಕೊಳ್ಳುತ್ತದೆ, ಗೌರವಕ್ಕೆ ಪದವಿ, ಪದವಿಗೆ ಪರಿವಾರ. ಕಡೆಗೆ ಸತ್ಯವು ಬದಲಾಗು ಎಂದರೂ ಪಂಡಿತನಿಗೆ ಅಲುಗಾಡಲು ಎಡೆಯಿರುವುದಿಲ್ಲ. ಯೇಯರನಿಗೆ ಆ ಎಡೆ ಉಳಿದಿತ್ತು. ಪಾಠ ಹೇಳುವವನು ಕಡೆಯವರೆಗೂ ಪಾಠ ಕಲಿಯುವವನೂ ಆಗಿರಬೇಕೆಂಬುದನ್ನು ಅವನು ಬೋಧಿಸಲಿಲ್ಲ, ಬಾಳಿ ತೋರಿಸಿದನು. ಇಪ್ಪತ್ತರಲ್ಲಿ ಸ್ಥಿರಬುದ್ಧಿಯಿಲ್ಲದವನೆನಿಸಿಕೊಂಡವನು ಐವತ್ತೈದರಲ್ಲಿ ತನ್ನ ಪಕ್ಷವನ್ನು ತ್ಯಜಿಸಿದುದು ಸತ್ಯದಲ್ಲಿ ಬುದ್ಧಿಯನ್ನು ಸ್ಥಿರವಾಗಿ ನಿಲ್ಲಿಸಿದ್ದರಿಂದಲೇ.