ತೋಟದಿಂದ ತೋಟಕ್ಕೆ: ದಂಪತಿಗಳ ಐದು ದಿನದ ಪ್ರವಾಸ

ಬೆಳೆಗಾರನಿಗೆ ಊರು ಬಿಡಲು ಮೂರೇ ಕಾರಣ: ಮದುವೆ, ಸಾವು, ಬ್ಯಾಂಕು. ಇವು ಮೂರಿಲ್ಲದೆ ತೋಟದ ಬೇಲಿ ದಾಟುವವರು ನಮ್ಮಲ್ಲಿ ಕಡಿಮೆ. ದಾಟಿದರೂ ಗಂಡಸರು ಒಬ್ಬರೇ ಹೋಗಿ ಸಂಜೆಯ ಬಸ್ಸಿಗೆ ಮರಳುವುದು ವಾಡಿಕೆ. ವರ್ಷಕ್ಕೊಮ್ಮೆಯಾದರೂ ಗಂಡ ಹೆಂಡತಿ ಇಬ್ಬರೂ ಕೂಡಿ, ಸ್ನೇಹಿತರ ತೋಟಗಳನ್ನು ನೋಡುತ್ತ ನಾಲ್ಕೈದು ದಿನ ತಿರುಗಿ ಬರುವುದು ದಂಡದ ಖರ್ಚಲ್ಲ, ಅದೂ ಕಸುಬಿನ ಒಂದು ಭಾಗವೇ ಎಂದು ಸದಸ್ಯ ಬಂಧುಗಳಲ್ಲಿ ನಿವೇದಿಸಿಕೊಳ್ಳಲು ಈ ಲೇಖನ.

ಮೊನ್ನೆ ಅಕ್ಟೋಬರಿನಲ್ಲಿ ಮಳೆ ಬಿಡುವು ಕೊಟ್ಟಿತ್ತು. ಕೊಳೆರೋಗದ ಕೊನೆಯ ಸಿಂಪಡಣೆ ಮುಗಿದಿತ್ತು. ಅಡಿಕೆ ಕೊನೆ ಇಳಿಸಲು ಎರಡು ವಾರ, ಅರೇಬಿಕಾ ಹಣ್ಣಾಗಲು ಒಂದು ತಿಂಗಳ ಮೇಲೆ ಸಮಯವಿತ್ತು. ತೋಟವನ್ನು ಮೇಸ್ತ್ರಿಗೆ ಒಪ್ಪಿಸಿ, ಒಂದು ಡಬ್ಬ ಜೇನು, ನಾಲ್ಕು ಮನೆಗಾಗುವಷ್ಟು ಕಾಫಿಪುಡಿ ಕಟ್ಟಿಕೊಂಡು, ನಾನೂ ನನ್ನ ಮನೆಯವರೂ ಹಳೆಯ ಜೀಪಿನಲ್ಲಿ ಬಾಳೆಹೊನ್ನೂರಿನಿಂದ ಹೊರಟೆವು. ರಾತ್ರಿ ತಂಗುವುದು ಬೆಳೆಗಾರರ ಮನೆಯಲ್ಲಿ. ಹಗಲು ಕಣ್ಣಿಗೆ ಹಿತವೆನಿಸಿದಲ್ಲಿ ಜೀಪು ನಿಲ್ಲಿಸುವುದು. ಇಷ್ಟೇ ನಮ್ಮ ನಿಯಮ.

ಕಳಸದಲ್ಲಿ ಭದ್ರೆಯನ್ನು ದಾಟಿ, ಹೇಮಾವತಿ ಹುಟ್ಟುವ ಜಾವಳಿಯ ಮೇಲೆ ಹಾದು ಕೊಟ್ಟಿಗೆಹಾರಕ್ಕೆ ಬಂದೆವು. ಅಲ್ಲಿ ಬಿಸಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿದೆವು. ತಿರುವು ತಿರುವಿಗೂ ಬಂಡೆಯ ಮೇಲಿಂದ ನೀರು ಬೀಳುತ್ತಿತ್ತು. ಆ ಸೊಬಗಿನ ನಡುವೆಯೇ, 2019ರ ಆಗಸ್ಟಿನ ಮಳೆಯಲ್ಲಿ ಇದೇ ಘಾಟಿ ಕುಸಿದು ಸಂಚಾರ ನಿಂತದ್ದೂ ನೆನಪಾಗದಿರಲಿಲ್ಲ. ಮಧ್ಯಾಹ್ನ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಕುಮಾರಧಾರೆಗಳ ಸಂಗಮ ನೋಡಿ, ಸಂಜೆಗೆ ಪುತ್ತೂರಿನ ಬಳಿ ಮೊದಲ ಸ್ನೇಹಿತರ ಮನೆ ಸೇರಿದೆವು.

ನಾವು ಹಸಿ ಅಡಿಕೆ ಸುಲಿದು ಬೇಯಿಸಿ ಕೆಂಪಡಿಕೆ ಮಾಡುವವರು. ಅವರು ಹಣ್ಣಡಿಕೆಯನ್ನು ಸುಮಾರು 40 ದಿನ ಬಿಸಿಲಿಗೆ ಹರವಿ ಚಾಲಿ ಮಾಡುವವರು. ಅವರ ಅಟ್ಟದಲ್ಲಿ ಹಿಂದಿನ ವರ್ಷದ ಚಾಲಿಯ ಗೋಣಿಗಳಿದ್ದವು. "ನಮಗೆ ಇದೇ ಬ್ಯಾಂಕು" ಎಂದರು ಆ ಹಿರಿಯರು. ಅಡಿಕೆ ಧಾರಣೆ ನೆಲ ಕಚ್ಚಿದ ಮೇಲೆ 1973ರಲ್ಲಿ ಕ್ಯಾಂಪ್ಕೋ ಹುಟ್ಟಿದ್ದನ್ನೂ, ಕೊಕ್ಕೊ ಬೆಳೆದವರಿಗೆ ಆಸರೆಯಾಗಿ 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕಲೇಟು ಕಾರ್ಖಾನೆ ಎದ್ದದ್ದನ್ನೂ ಅವರು ಕಣ್ಣಾರೆ ಕಂಡವರು. ಸಂಘ ಎಂದರೆ ಕಚೇರಿಯಲ್ಲ, ಕಷ್ಟಕಾಲದ ನೆನಪು ಎಂಬುದು ಅವರ ಮಾತಿನಿಂದ ಮನದಟ್ಟಾಯಿತು.

ಮರುದಿನ ಬೆಳಿಗ್ಗೆ ವಿಟ್ಲದ ಸಂಶೋಧನಾ ಕೇಂದ್ರವನ್ನು ನೋಡಿದೆವು. 1956ರಲ್ಲಿ ಅಡಿಕೆಗೆಂದೇ ಆರಂಭವಾದ ಸ್ಥಳವಿದು. 1972ರಲ್ಲಿ ಬಿಡುಗಡೆಯಾದ ಮಂಗಳ ತಳಿ ಇಲ್ಲಿಯದೇ. ಆದರೆ ನಾವು ಕೇಳಲು ಹೋದದ್ದು ಹೊಸ ತಳಿಯ ವಿಚಾರವನ್ನಲ್ಲ, ಹಳದಿ ಎಲೆ ರೋಗದ ವಿಚಾರವನ್ನು. ಕೊಪ್ಪ, ಶೃಂಗೇರಿ ಸೀಮೆಗೆ ಇದು ಹೊಸದಲ್ಲ. ನಮ್ಮ ತೋಟದ ಕೆಳ ಅಂಚಿನಲ್ಲೂ ಹನ್ನೊಂದು ಮರಗಳ ಸೋಗೆ ತುದಿಯಿಂದ ಹಳದಿಗಟ್ಟುತ್ತಿದೆ. ಮದ್ದು ಹೊಡೆದು ವಾಸಿ ಮಾಡುವ ಕಾಯಿಲೆ ಇದಲ್ಲ. ಗೊಬ್ಬರ, ಬಸಿಗಾಲುವೆ ಸರಿಯಿಟ್ಟು ಮರವನ್ನು ಕೆಲವು ಕಾಲ ನಿಲ್ಲಿಸಿಕೊಳ್ಳಬಹುದು. ರೋಗ ತುಂಬಿದ ತೋಟದಲ್ಲೂ ಹಸಿರಾಗಿ ಉಳಿದ ಮರಗಳನ್ನು ಗುರುತಿಸಿ, ಅವುಗಳಿಂದ ರೋಗ ತಡೆಯುವ ಸಂತತಿ ಬೆಳೆಸುವುದೇ ಮುಂದಿನ ದಾರಿ. ಅದಕ್ಕೆ ಕಾಲ ಬೇಕು.

ಅಂದು ಸಂಜೆ ಸುಳ್ಯ ದಾಟಿ ಸಂಪಾಜೆಗೆ ಹೋದೆವು. ಕಾಲೇಜಿನಲ್ಲಿ ನನ್ನೊಂದಿಗೆ ಒಂದೇ ಕೊಠಡಿಯಲ್ಲಿದ್ದ ಸ್ನೇಹಿತರ ಮನೆ ಅಲ್ಲಿದೆ. ಹಳದಿ ರೋಗ ಹಲವು ವರ್ಷಗಳಿಂದ ಬೀಡುಬಿಟ್ಟ ಊರು. ಜಗಲಿಯಲ್ಲಿ ಕುಳಿತು ತೋಟ ಹೇಗಿದೆ ಎಂದು ಕೇಳಿದೆ. "ಎಂತ ಇಲ್ಲ ಮಾರಾಯ, ನಡೀತದೆ" ಎಂದು ಮಾತು ತೇಲಿಸಿದರು. ಹಳೆಯ ಹಾಸ್ಟೆಲಿನ ಕತೆಗಳನ್ನೇ ಹೇಳಿ ನಗಿಸಿದರು.

ರಾತ್ರಿ ಮಲಗುವಾಗ ನನ್ನ ಮನೆಯವರು ಹೇಳಿದರು: "ಅಡಿಕೆ ಮೊದಲಿನ ಕಾಲು ಭಾಗಕ್ಕೆ ಇಳಿದಿದೆಯಂತೆ. ಜಾಗ ಮಾರಿ ಬೆಂಗಳೂರಿಗೆ ಬನ್ನಿ ಎಂದು ಮಗನ ಒತ್ತಾಯ. ಒಬ್ಬರು ಬಂದು ನೋಡಿಕೊಂಡೂ ಹೋಗಿದ್ದಾರೆ. ನಿಮಗೆ ಹೇಳಲು ಅವರಿಗೆ ನಾಚಿಕೆ." ಜಗಲಿಯಲ್ಲಿ ಎರಡು ತಾಸು ಕುಳಿತರೂ ನನಗೆ ತಿಳಿಯದ ಸಂಗತಿ ಅಡಿಗೆಮನೆಯಲ್ಲಿ ಅರ್ಧ ತಾಸಿನಲ್ಲಿ ಅವರಿಗೆ ತಿಳಿದಿತ್ತು.

ಮರುದಿನ ನಾಲ್ವರೂ ಒಟ್ಟಿಗೇ ತೋಟಕ್ಕೆ ಇಳಿದೆವು. ಕೆಳಗಿನ ಭಾಗದಲ್ಲಿ ಮರಗಳ ತಲೆ ಕಿರಿದಾಗಿ, ಉದುರಿದ ಕಾಯಿ ಬುಡದಲ್ಲಿ ಬಿದ್ದಿತ್ತು. ಒಂದನ್ನು ಒಡೆದು ನೋಡಿದರೆ ಒಳಗಿನ ತಿರುಳು ಕಪ್ಪು, ಮೆತ್ತಗೆ. ಮಾತಾಡಲು ಯಾರಿಗೂ ಬಾಯಿ ಬರಲಿಲ್ಲ. ಆಗ ಸ್ನೇಹಿತರ ಪತ್ನಿ, "ಅಣ್ಣ, ಮನೆ ಹಿಂದಿನದನ್ನೂ ನೋಡಿ" ಎಂದು ಕರೆದೊಯ್ದರು. ಅಲ್ಲಿ ಅವರೇ ಹತ್ತು ವರ್ಷಗಳಿಂದ ಸಾಕಿದ ಜಾಯಿಕಾಯಿ ಮರಗಳು, ಹಾಳುಬಿದ್ದ ಅಡಿಕೆಯ ಸಾಲಿನಲ್ಲಿ ಕೊಕ್ಕೊ, ಹಲಸು ಮಾವುಗಳಿಗೆ ಹಬ್ಬಿಸಿದ ಕಾಳುಮೆಣಸು. ಪ್ರತಿ ವರ್ಷ ಮಾರಿದ್ದು ಎಷ್ಟು, ಕೂಲಿ ಎಷ್ಟು ಎಂದು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದರು. ಮಧ್ಯಾಹ್ನ ಊಟವಾದ ಮೇಲೆ ಆ ಪುಸ್ತಕವನ್ನು ನಡುವೆ ಇಟ್ಟುಕೊಂಡು ಕುಳಿತೆವು. ಹೋದ ವರ್ಷ ಮನೆಖರ್ಚಿನ ಹೆಚ್ಚಿನ ಪಾಲು ಆ ಒಂದು ಎಕರೆಯಿಂದಲೇ ಹುಟ್ಟಿತ್ತು. ಸ್ನೇಹಿತರು ಪುಟ ತಿರುವಿ ತಿರುವಿ ನೋಡಿ, "ಇದನ್ನು ಒಟ್ಟು ಮಾಡಿ ನಾನು ನೋಡಿಯೇ ಇರಲಿಲ್ಲ" ಎಂದರು.

ಜಾಗ ಉಳಿಯಿತೆಂದು ಹೇಳುವ ಧೈರ್ಯ ನನಗಿಲ್ಲ. ಮುಂದಿನ ಯುಗಾದಿಯವರೆಗೆ ಮಾರುವ ಮಾತು ಬೇಡ, ಅಷ್ಟರಲ್ಲಿ ಮಗನನ್ನು ಕರೆಸಿ ಇದೇ ಪುಸ್ತಕ ತೋರಿಸುವುದು ಎಂದು ಗಂಡ ಹೆಂಡತಿ ಒಪ್ಪಿಕೊಂಡರು. ಆ ರಾತ್ರಿ ಜಗಲಿಯ ಮಾತು ಬೇರೆಯೇ ಆಗಿತ್ತು.

ನಾಲ್ಕನೆಯ ದಿನ ಘಾಟಿ ಹತ್ತಿದೆವು. ಜೋಡುಪಾಲ, ಮದೆನಾಡುಗಳಲ್ಲಿ 2018ರ ಆಗಸ್ಟಿನಲ್ಲಿ ಕುಸಿದ ಗುಡ್ಡಗಳನ್ನು ಕಂಡು ಮಾತಿಲ್ಲದೆ ಸಾಗಿದೆವು. ಮಡಿಕೇರಿಯ ರಾಜಾಸೀಟಿನಲ್ಲಿ ಮಂಜು ಸರಿಯುವವರೆಗೆ ಕುಳಿತೆವು. ಸೋಮವಾರಪೇಟೆಯ ಆಚೆ ಮಲ್ಲಳ್ಳಿ ಜಲಪಾತ ಮೈದುಂಬಿ ಧುಮುಕುತ್ತಿತ್ತು. ಮೊದಲ ದಿನ ಉಪ್ಪಿನಂಗಡಿಯ ಸಂಗಮದಲ್ಲಿ ಕಂಡ ಕುಮಾರಧಾರೆಯೇ ಇದು ಎಂದು ನನ್ನ ಮನೆಯವರು ನೆನಪಿಸಿದರು. ಮೇಲೆ ಕಾಫಿಯ ನಾಡಿನಿಂದ ಹೊರಟ ನೀರು ಕೆಳಗೆ ಅಡಿಕೆಯ ನಾಡನ್ನು ತಣಿಸುತ್ತದೆ.

ಅಂದಿನ ಸ್ನೇಹಿತರದು ಅರೇಬಿಕಾ ತೋಟ. ಬಿಳಿ ಕಾಂಡಕೊರಕ ಹಿಡಿದ ಗಿಡಗಳನ್ನು ಮುಲಾಜಿಲ್ಲದೆ ಕಿತ್ತು ಸುಡುವುದನ್ನೂ, ನೆರಳು ಕಡಿಮೆಯಾಗದಂತೆ ಕಾಯುವುದನ್ನೂ ಅವರಿಂದ ನೋಡಿ ಕಲಿಯಬೇಕು. 2024ರಿಂದ ಕಾಫಿಗೆ ಬಂದ ಏರುಧಾರಣೆಯಲ್ಲಿ ಅವರು ಕಾರು ಕೊಂಡಿಲ್ಲ. ಸಾಲ ತೀರಿಸಿ, ಕೆರೆಯ ಹೂಳು ತೆಗೆಸಿದ್ದಾರೆ.

ಕೊನೆಯ ದಿನ ಶನಿವಾರಸಂತೆಯ ದಾರಿಯಾಗಿ ಸಕಲೇಶಪುರಕ್ಕೆ ಬಂದು, ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಹತ್ತಿ ಬುತ್ತಿ ಬಿಚ್ಚಿದೆವು. ಮೂಡಿಗೆರೆ, ಆಲ್ದೂರು ಹಾದು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು. ತೋಟ ನಾವು ಬಿಟ್ಟಂತೆಯೇ ಇತ್ತು.

ಸದಸ್ಯರಿಗೆ ನಾಲ್ಕು ಸೂಚನೆ. ಒಂದು, ಇಬ್ಬರೂ ಹೋಗಿ; ಜಗಲಿಯ ಲೆಕ್ಕ ಬೇರೆ, ಅಡಿಗೆಮನೆಯ ಲೆಕ್ಕ ಬೇರೆ, ಎರಡೂ ಕೂಡಿದರೇ ನಿಜ. ಎರಡು, ಮುಂಚಿತವಾಗಿ ತಿಳಿಸಿ ಹೋಗಿ. ಕೊಯ್ಲಿನ ದಿನಗಳಲ್ಲಿ ಬೇಡ. ಮೂರು, ರೋಗವಿರುವ ತೋಟದಿಂದ ಸಸಿಯನ್ನಾಗಲಿ ಗಿಡವನ್ನಾಗಲಿ ಪ್ರೀತಿಯಿಂದ ಕೊಟ್ಟರೂ ತರಬೇಡಿ. ನಾಲ್ಕು, ಕಂಡದ್ದನ್ನು ಅಂದಂದೇ ಬರೆದಿಡಿ.

ಸಂಘದ ಕಚೇರಿಯಲ್ಲಿ ಒಂದು ಪುಸ್ತಕ ತೆರೆದಿದ್ದೇವೆ. ಬೇರೆ ಊರಿನ ಬೆಳೆಗಾರ ದಂಪತಿಗಳಿಗೆ ಒಂದು ರಾತ್ರಿ ಮನೆಯಲ್ಲಿ ಜಾಗ ಕೊಟ್ಟು, ಬೆಳಿಗ್ಗೆ ತೋಟ ತೋರಿಸಬಲ್ಲ ಸದಸ್ಯರು ಅದರಲ್ಲಿ ಹೆಸರು ಬರೆಸಬೇಕಾಗಿ ವಿನಂತಿ. ಮೊದಲ ಹೆಸರು ನಮ್ಮ ಮನೆಯದು. ಹಳದಿ ತಿರುಗಿದ ಆ ಹನ್ನೊಂದು ಮರಗಳನ್ನೂ ತೋರಿಸುತ್ತೇವೆ.