ಬಾವಿಯ ಬಾಯಿಂದಲೇ ಕೇಳಬೇಕು

ಬೋರ್‌ವೆಲ್ ಕೊರೆಸಿದವರಿಗೆ ಇದು ಚೆನ್ನಾಗಿ ಗೊತ್ತು. ನೀರು ಆಳೆತ್ತರ ಚಿಮ್ಮಿದಾಗ ‘ಮೂರಿಂಚು’ ಅಂತ ಎಲ್ಲರೂ ಹಿಗ್ಗುತ್ತಾರೆ. ಬಾವಿಯ ನಿಜವಾದ ತಾಕತ್ತು ತಿಳಿಯುವುದು ಮೋಟಾರ್ ಇಳಿಸಿ, ಬಿಡದೆ ಓಡಿಸಿದ ಮೇಲೆ. ಕೃಷ್ಣಾ–ಗೋದಾವರಿ ಮುಖಜಭೂಮಿಯಾಚೆ ಆಳ ಸಮುದ್ರದಲ್ಲಿ ಅನಿಲಕ್ಕಾಗಿ ಕೊರೆಯುವ ಬಾವಿಯ ವಿಷಯದಲ್ಲೂ ಹೀಗೆಯೇ. ಆದರೆ ಅಲ್ಲಿ ಬಾವಿ ಕಂಪನಿಯದಾದರೂ ತಳದ ಅನಿಲ ದೇಶದ್ದು. ಸಂವಿಧಾನದ 297ನೇ ವಿಧಿ ಹೇಳುವುದೂ ಅದನ್ನೇ. ಹಾಗಾಗಿ ಬಾವಿಯನ್ನು ಹರಿಸಿ ನೋಡುವ ಪರೀಕ್ಷೆಗೆ ಮುಂಚೆ, ಸರ್ಕಾರದೊಡನೆ ಮಾಡಿಕೊಂಡ ಒಪ್ಪಂದದ ನಿರ್ವಹಣಾ ಸಮಿತಿಗೆ ತಿಳಿಸಬೇಕು, ಬೇಕೆಂದರೆ ಸಮಿತಿಯ ಪ್ರತಿನಿಧಿ ಸ್ಥಳದಲ್ಲಿ ನಿಂತು ನೋಡಬಹುದು.

ಈ ಪರೀಕ್ಷೆಯ ಹೆಸರು ಡ್ರಿಲ್ ಸ್ಟೆಮ್ ಟೆಸ್ಟ್, ರಿಗ್‌ನವರ ಬಾಯಲ್ಲಿ ಡಿಎಸ್‌ಟಿ. 1926ರಲ್ಲಿ ಅಮೆರಿಕದ ಅರ್ಕಾನ್ಸಾದ ಎಲ್ ಡೊರಾಡೋದಲ್ಲಿ ಜಾನ್‌ಸ್ಟನ್ ಸಹೋದರರು ಇದನ್ನು ಮೊದಲು ಮಾಡಿ ತೋರಿಸಿದರು. ಕೊಳವೆಯ ತುದಿಗೆ ಒಂದು ಕವಾಟ, ಅದರ ಸುತ್ತ ಉಬ್ಬಿ ಕೂರುವ ರಬ್ಬರಿನ ಪ್ಯಾಕರ್. ಕೊರೆಯಲು ಬಳಸಿ ಬಾವಿ ತುಂಬ ನಿಂತ ಕೆಸರಿನ ಭಾರವನ್ನು ಪ್ಯಾಕರ್ ತಡೆದಾಗ, ಪರೀಕ್ಷಿಸಬೇಕಾದ ಪದರವೊಂದೇ ಉಸಿರಾಡತೊಡಗುತ್ತದೆ. ಮೇಲೆ ಬಂದ ಅನಿಲ ಚೋಕ್ ಎಂಬ ಕಿರುಗಂಡಿಯ ಮೂಲಕ ಹಾಯ್ದು, ಸೆಪರೇಟರಿನಲ್ಲಿ ಎಣ್ಣೆ, ನೀರುಗಳಿಂದ ಬೇರೆಯಾಗಿ, ಅಳತೆಗೊಂಡು, ಕೊನೆಗೆ ಉರಿದುಹೋಗುತ್ತದೆ. ಚೋಕಿನ ಗಂಡಿಯನ್ನು ಇಂಚಿನ 64ನೇ ಭಾಗಗಳಲ್ಲಿ ಎಣಿಸುತ್ತಾರೆ, ಅಷ್ಟು ನಾಜೂಕು.

ನನಗೆ ಎಲ್ಲಕ್ಕಿಂತ ಹೆಚ್ಚಿನದೆನಿಸುವುದು ಕವಾಟ ಮುಚ್ಚಿ ಕಾಯುವ ಹೊತ್ತು. ಹರಿವು ನಿಂತ ಮೇಲೆ ತಳದಲ್ಲಿ ಒತ್ತಡ ಮೆಲ್ಲಗೆ ಏರುತ್ತದೆ. ಆ ಏರಿಕೆಯ ಗೆರೆಯಿಂದ ಕಲ್ಲಿನ ರಂಧ್ರಗಳೊಳಗೆ ಅನಿಲ ಎಷ್ಟು ಸಲೀಸಾಗಿ ಸಾಗುತ್ತದೆ, ಹತ್ತಿರದಲ್ಲೇ ಗೋಡೆಯಂಥ ತಡೆ ಇದೆಯೇ ಎಂಬುದನ್ನು ಎಂಜಿನಿಯರು ಓದುತ್ತಾನೆ.

ಇಷ್ಟೆಲ್ಲ ಬೇಕೇ? ಇದೇ ಪ್ರಶ್ನೆಯ ಮೇಲೆ ಅದೇ ಕೃಷ್ಣಾ–ಗೋದಾವರಿ ಕಡಲಿನ ಕೆಜಿ–ಡಿ6 ಬ್ಲಾಕಿನಲ್ಲಿ ದೊಡ್ಡ ಜಗಳವಾಯಿತು. ರಿಲಯನ್ಸ್ ತಾನು ಕಂಡುಕೊಂಡ ಡಿ29, ಡಿ30, ಡಿ31 ನಿಕ್ಷೇಪಗಳಿಗೆ ಡಿಎಸ್‌ಟಿ ಮಾಡಿರಲಿಲ್ಲ. ತಂತಿಯಲ್ಲಿ ಉಪಕರಣ ಇಳಿಸಿ, ಬಾವಿಯ ಗೋಡೆಗೆ ಒತ್ತಿ ಒತ್ತಡ ಅಳೆದು ಮಾದರಿ ತೆಗೆದರೆ ಸಾಕು ಎಂಬುದು ಅದರ ವಾದ. 1993ರಲ್ಲಿ ಸ್ಥಾಪನೆಯಾದ ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯ, ಅಂದರೆ ಡಿಜಿಎಚ್, ಒಪ್ಪಲಿಲ್ಲ. ಬಾವಿ ಹರಿದದ್ದನ್ನು ತೋರಿಸದೆ ವಾಣಿಜ್ಯ ಯೋಗ್ಯವೆನ್ನುವುದು ಹೇಗೆ ಎಂದಿತು. 2015ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಸಮಿತಿ ದಾರಿಗಳನ್ನು ತೆರೆಯಿತು: ನಿಕ್ಷೇಪವನ್ನು ಬಿಟ್ಟುಕೊಡಿ, ಅಥವಾ ಈಗಲಾದರೂ ಪರೀಕ್ಷಿಸಿ, ತಡಮಾಡಿದ್ದಕ್ಕೆ ಖರ್ಚಿನಲ್ಲಿ ಅರ್ಧ ನಿಮ್ಮದೇ, ಒಪ್ಪುವ ವೆಚ್ಚವೂ 1.5 ಕೋಟಿ ಡಾಲರಿಗೆ ಮಿತಿ; ಪರೀಕ್ಷೆಯೇ ಬೇಡವೆಂದರೆ ನಿಮ್ಮ ಹೊಣೆಯಲ್ಲಿ ಬೆಳೆಸಿ, ಗೆದ್ದರೆ ಮಾತ್ರ ಹಾಕಿದ ಹಣ ವಾಪಸ್. ಆಳ ಸಮುದ್ರದಲ್ಲಿ ಡಿಎಸ್‌ಟಿ ವಿಪರೀತ ದುಬಾರಿ, ಕಂಪನಿಯ ಸಂಕಟ ಸುಳ್ಳಲ್ಲ. ಆದರೂ ಹಾಕಿದ ಹಣವನ್ನು ಅನಿಲದ ಗಳಿಕೆಯಿಂದಲೇ ಮೊದಲು ಹಿಂಪಡೆಯುವ ಒಪ್ಪಂದವಿರುವಾಗ, ಅಂದಾಜು ತಪ್ಪಿದರೆ ಸರ್ಕಾರದ ಪಾಲಿಗೂ ಪೆಟ್ಟು. ಡಿಜಿಎಚ್ ಹಟ ಹಿಡಿದದ್ದು ಸರಿಯೆಂದೇ ನನ್ನ ಎಣಿಕೆ.

ಬಾವಿಯ ಕೆಲಸ ಅಪಾಯದ್ದೂ ಹೌದು. ಕೆಲಸಗಾರರ ಸುರಕ್ಷತೆಗೆ ಬೇರೆ ಕಾನೂನಿದೆ: ನೆಲದ ಮೇಲಿನ ಬಾವಿಗಳಿಗೆ 2017ರ ತೈಲ ಗಣಿ ನಿಯಮಗಳು, ನೋಡಿಕೊಳ್ಳುವುದು ಧನಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ. ಅದೇ ಗೋದಾವರಿ ಸೀಮೆಯ ಪಾಸರ್ಲಪೂಡಿಯಲ್ಲಿ 1995ರ ಜನವರಿಯಲ್ಲಿ ಹತೋಟಿ ತಪ್ಪಿ ಹೊತ್ತಿಕೊಂಡ ಬಾವಿ ಎರಡು ತಿಂಗಳು ಉರಿದಿತ್ತು. ಇನ್ನು ತೈಲ, ಅನಿಲ ತೆಗೆಯುವುದನ್ನು ನಿಯಂತ್ರಿಸುವ 1948ರ ತೈಲಕ್ಷೇತ್ರ ಕಾಯ್ದೆಯಲ್ಲಿ ನಿಯಮ ಮುರಿದವರಿಗೆ ಇದ್ದದ್ದು ಆರು ತಿಂಗಳ ಸಜೆ ಇಲ್ಲವೇ ಸಾವಿರ ರೂಪಾಯಿ ದಂಡ. 2025ರ ತಿದ್ದುಪಡಿ ಸಜೆಯನ್ನು ತೆಗೆದು, ದಂಡವನ್ನು 25 ಲಕ್ಷಕ್ಕೆ ಏರಿಸಿತು.

ಪರೀಕ್ಷೆಯ ದಾಖಲೆಯೂ ದೇಶದ ಸೊತ್ತೇ. ಡಿಜಿಎಚ್ 2017ರಿಂದ ರಾಷ್ಟ್ರೀಯ ದತ್ತಾಂಶ ಭಂಡಾರವೊಂದನ್ನು ನಡೆಸುತ್ತಿದೆ. ಸಿಮೆಂಟು ತುಂಬಿ ಮುಚ್ಚಿದ ಬಾವಿಯ ಒತ್ತಡದ ಗೆರೆಯನ್ನು ಅಲ್ಲಿ ಕಾಪಿಡಬಹುದು. ಮುಂದೆ ಹರಾಜಿಗೆ ಬರುವ ಕಂಪನಿ ಅದನ್ನು ಓದಿಕೊಂಡು ಬೆಲೆ ಕೂಗಬಹುದು.